ಒಂಬತ್ತನೆಯ ಹದ್ದು

ಸಿಡಿಲಕೊಳ್ಳದ ಕೆಂಪು ಬಂಡೆಗಳ ನಡುವೆ ಹಕ್ಕಿ ಹಾರಿಹೋದ ಮೇಲೂ ಅದರ ದಾರಿ ಉಳಿಯುತ್ತಿತ್ತು. ಮಂದಾಕಿನಿ ಕಟ್ಟಿದ ಯಂತ್ರ ಅದನ್ನು ಕಾಣಿಸುತ್ತಿತ್ತು. ರೆಕ್ಕೆ ಸೀಳಿದ ಗಾಳಿ ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ಆ ಸುಳಿಯನ್ನು ಬೆಳಕಿನ ಕಿರಣಗಳಿಂದ ಓದಿ, ಪರದೆಯ ಮೇಲೆ ಹಸಿರು ಗೆರೆ ಎಳೆಯುವುದು ಅದರ ಕೆಲಸ. ಎರಡು ಹಕ್ಕಿಗಳ ರೆಕ್ಕೆ ಒಂದೇ ಥರ ಇರುವುದಿಲ್ಲ. ಆದ್ದರಿಂದ ಒಂದು ಗೆರೆಯೆಂದರೆ ಒಂದು ಹಕ್ಕಿ. 2061ರ ಹೊತ್ತಿಗೆ ದೇಶದ ಬೆಟ್ಟಗಳಲ್ಲೆಲ್ಲ ಹಕ್ಕಿ ಎಣಿಸುತ್ತಿದ್ದುದು ಈ ಯಂತ್ರವೇ. ದುರ್ಬೀನು ಹಿಡಿದು ಬಂಡೆಯ ಮೇಲೆ ಕೂರುವವರೇ ಇಲ್ಲವಾಗಿದ್ದರು.

ಸಿಡಿಲಕೊಳ್ಳದಲ್ಲಿ ಒಂಬತ್ತು ರಣಹದ್ದುಗಳಿವೆ ಎಂದಿತ್ತು ಯಂತ್ರ. ಮಂದಾಕಿನಿ ಮೂರು ದಿನ ಕಣ್ಣು ಉರಿಯುವವರೆಗೆ ನೋಡಿದ್ದಳು. ಕಂಡದ್ದು ಒಂದೇ, ಜೋಡಿಯಿಲ್ಲದ ಗಂಡು. ಸಾಕಣೆ ಕೇಂದ್ರದಲ್ಲಿ ಬೆಳೆದ ಹೆಣ್ಣು ಹದ್ದೊಂದನ್ನು ಯಾವ ಕೊಳ್ಳಕ್ಕೆ ಬಿಡಬೇಕೆಂದು ಅಂದು ನಾಲ್ಕು ಗಂಟೆಗೆ ತೀರ್ಮಾನವಾಗುವುದಿತ್ತು. ಒಂಬತ್ತಿರುವ ಕಡೆಗೆ ಇನ್ನೊಂದನ್ನು ಯಾರು ಕೊಡುತ್ತಾರೆ?

"ಉಳಿದವು ಎಲ್ಲಿ ಹೋದ್ವು, ಯಮನಪ್ಪಣ್ಣ?"

ಕಾವಲುಗಾರ ಯಮನಪ್ಪ ಅಡಿಕೆ ಅಗಿಯುತ್ತ, "ನಿಮ್ಮ ಮಷೀನಿನ ಹೊಟ್ಟ್ಯಾಗ ಅದಾವ ನೋಡ್ರಿ, ಅಕ್ಕಾರ. ಇಲ್ಲಿ ಎರಡು ವರ್ಷದಿಂದ ಇರೂದು ಒಂದ," ಎಂದ.

"ಮೊದಲೇ ಯಾಕೆ ಹೇಳಲಿಲ್ಲ?"

"ಕೇಳಿದವರು ಯಾರ್ರಿ?"

ಅವನು ಗುಡಿಸಲಿನ ಸೂರಿನಿಂದ ಒಂದು ಕಟ್ಟು ಗರಿ ತೆಗೆದು ತಂದ. ಒಟ್ಟು ಎಂಟು. ಒಂದೊಂದರ ದಂಟಿನ ಮೇಲೂ ಸಿಕ್ಕ ದಿನವನ್ನು ಮೊಳೆಯಿಂದ ಗೀಚಿದ್ದ. ಮಂದಾಕಿನಿ ಯಂತ್ರದ ಪಟ್ಟಿ ತೆರೆದಳು. ಮೊದಲ ಹದ್ದಿನ ನಂತರ 'ಹೊಸ ಹದ್ದು' ಎಂದು ನಮೂದಾದದ್ದು ಎಂಟು ಸಲ. ಎಂಟೂ ಆ ದಿನಗಳ ಹಿಂದೆಮುಂದೆಯೇ. ಗರಿಯೊಂದು ಉದುರಿದಾಗಲೆಲ್ಲ ಗೆರೆ ಬದಲಾಗಿತ್ತು. ಹಳೆಯ ಗೆರೆ ಕಾಣದಿದ್ದರೆ ಹದ್ದು ದೂರ ಹೋಗಿದೆಯೆಂದು ತಿಳಿದು ಲೆಕ್ಕದಲ್ಲೇ ಉಳಿಸಿಕೊಳ್ಳಲು ಯಂತ್ರಕ್ಕೆ ಕಲಿಸಿದವಳು ಅವಳೇ.

ಅವಳು ಬೆಂಗಳೂರಿನ ಅಧಿಕಾರಿಗೆ ಫೋನು ಮಾಡಿದಳು.

"ನಿಮ್ಮ ಯಂತ್ರ ತಪ್ಪು ಅಂತ ನೀವೇ ಹೇಳ್ತೀರಾ, ಮೇಡಂ?"

"ಹೌದು ಸರ್. ಕಣ್ಣಾರೆ ನೋಡಿದೀನಿ, ಇರೋದು ಒಂದೇ."

"ಕಣ್ಣಾರೆ ನೋಡಿದ್ದನ್ನ ಯಾವ ಕಾಲಂನಲ್ಲಿ ತುಂಬಿಸ್ಲಿ? ಫಾರಂನಲ್ಲಿ ಯಂತ್ರದ್ದಕ್ಕೆ ಮಾತ್ರ ಜಾಗ ಇರೋದು."

"ಗರಿಗಳ ಫೋಟೊ ಕಳಿಸ್ತೀನಿ."

"ಕಳಿಸಿ, ಕಳಿಸಿ. ಬರೋ ವರ್ಷದ ಸಭೆಯಲ್ಲಿ ಇಡೋಣ."

ನಾಲ್ಕು ಗಂಟೆಗೆ ಹೆಣ್ಣು ಹದ್ದು ಬೇರೆ ಬೆಟ್ಟಕ್ಕೆಂದು ತೀರ್ಮಾನವಾಯಿತು. ಕೊಳ್ಳದ ಮೇಲೆ ಗಂಡು ಹದ್ದು ಸುತ್ತು ಹಾಕುತ್ತಲೇ ಇತ್ತು. ಮಂದಾಕಿನಿಗೆ ಪರದೆಯನ್ನು ಎತ್ತಿ ಬಂಡೆಗೆ ಅಪ್ಪಳಿಸಬೇಕೆನ್ನಿಸಿತು. ಅಪ್ಪಳಿಸಲಿಲ್ಲ, ಆರಿಸಿ, ಬೋರಲು ಹಾಕಿದಳು.

"ಇಲ್ಲಿ ನಿಜವಾಗಿ ಒಂಬತ್ತು ಇದ್ದದ್ದು ಯಾವಾಗಾದರೂ ಉಂಟಾ?"

"ನಾ ಹತ್ತು ವರ್ಷದಾಂವ ಇದ್ದಾಗ್ರಿ. ಎರಡು ಸಾವಿರದ ಇಪ್ಪತ್ತಾರೋ ಇಪ್ಪತ್ತೇಳೋ. ಒಂದು ತಾಸು ಸುಮ್ಮನ ಕುಂತ್ರ ಬೆರಳಿನ್ಯಾಗ ಎಣಸಬಹುದಿತ್ತು."

"ಆಗ ಇಲ್ಲಿಗೆ ಯಾರೂ ಬರ್ತಿರಲಿಲ್ವಾ?"

"ಐತವಾರ ಜಾತ್ರ್ಯಾದಂಗ ಆಗತಿತ್ರಿ," ಎಂದ ಯಮನಪ್ಪ. "ಹದ್ದಿಗೆ ಬೆನ್ನು ಮಾಡಿ ನಿಂತು, ತಮ್ಮ ತಮ್ಮ ಫೋಟೊ ತಕ್ಕೊಂಡು ಹೋಗತಿದ್ರು."