ನೀರು ಕೊಟ್ಟವರು

ಪ್ರಭಾ ಸುಳ್ಳು ಹೇಳುವ ಹೆಂಗಸಲ್ಲ. ಸ್ಕಾರ್‌ಬರೋದ ಚರ್ಚೊಂದರ ಬೇಸ್‌ಮೆಂಟಿನಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಜನವರಿಯಲ್ಲೊಂದು ದಿನ ಅರ್ಧ ಗಂಟೆ ಮೊದಲೇ ಹೋದರೆ, ಒಳಗೆ ಹತ್ತಾರು ಜನ ಪ್ರಾರ್ಥನೆಗೆ ನಿಂತಿದ್ದರು. ಹೊರಗೆ ಹಿಮ ಸುರಿಯುತ್ತಿತ್ತು. ಇವರೆಲ್ಲ ಬರಿಗಾಲಲ್ಲಿದ್ದರು, ಬಾಗಿಲಲ್ಲಿ ಒಂದು ಬೂಟೂ ಇರಲಿಲ್ಲ. ಬಿಸಿಲಿಗೆ ಕಾದ ಮಣ್ಣಿನ ವಾಸನೆ ಬೇರೆ.

ಮುದುಕಿಯೊಬ್ಬಳು ಬಟ್ಟಲು ಹಿಡಿದು ಬಂದಳು.

"ಸಾರಿ, ನಾನು ವೈನ್ ಮುಟ್ಟಲ್ಲ," ಎಂದರು ಪ್ರಭಾ, ಚರ್ಚಿನಲ್ಲಿ ಪ್ರಸಾದದಂತೆ ಕೊಡುವ ವೈನ್ ಇರಬೇಕೆಂದುಕೊಂಡು.

"ನಾವೂ ಮುಟ್ಟಲ್ಲ. ಬರೀ ನೀರು. ಅದಕ್ಕೇ ನಮ್ಮನ್ನ ಚರ್ಚಿಂದ ಹೊರಗೆ ಹಾಕಿದ್ರು," ಎಂದು ಮುದುಕಿ ನಕ್ಕಳು. ಯಾವ ಭಾಷೆಯೋ, ಅರ್ಥವಂತೂ ಆಯಿತು.

ಪ್ರಭಾ ಅಭ್ಯಾಸದಂತೆ ಅಂಗೈಯೊಡ್ಡಿ, ಕಣ್ಣು ಮುಚ್ಚಿ ತೀರ್ಥದ ಹಾಗೆ ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಂಡರು. ಕಣ್ಣು ಬಿಟ್ಟಾಗ ಹಾಲ್ ಖಾಲಿ.

ಆ ಚರ್ಚಿನ ಪಾಸ್ಟರ್, ಮಂಗಳೂರು ಕಡೆಯ ಸೋನ್ಸ್, ಎಲ್ಲ ಕೇಳಿ ಹೇಳಿದರು: "ವೈನ್ ಬದಲು ನೀರು ಕೊಡುವ ಪಂಥ ಒಂದಿತ್ತು ಮೇಡಂ, ರೋಮನ್ನರ ಕಾಲದಲ್ಲಿ. ಈಗ ಯಾರಿದ್ದಾರೆ ಮಾರಾಯ್ರೆ!"

ಪ್ರಭಾಗೆ ಹೆದರಿಕೆಯೇನಿಲ್ಲ. ಈಗಲೂ ಅರ್ಧ ಗಂಟೆ ಮೊದಲೇ ಹೋಗಿ ನೆಮ್ಮದಿಯಾಗಿ ಕೂರುತ್ತಾರೆ. ಮತ್ತೆ ಯಾರೂ ಬಂದಿಲ್ಲ.

ಜುಲೈ ಬಂತು. ಅಂದು ಕೈ ಒರೆಸಿಕೊಂಡ ಜಾಗದಲ್ಲಿ ಕೂದಲು ಇನ್ನೂ ಆರಿಲ್ಲ.