ಹಾಯಿಗಂಟು ರಾಜ್ಯದ ಕಳವು

ಫರಹಾನಾ ವಾರಪತ್ರಿಕೆಯನ್ನು ಮಲಕಪ್ಪನ ಮುಂದೆ ಬಿಸಾಡಿದಳು. "ನನ್ನ ರಾಜ್ಯ ಕದ್ದಾರ್ರಿ, ಅಣ್ಣಾರ."

ಇಳಕಲ್ಲಿನ ಈ ನೇಕಾರ್ತಿ ಸಮುದ್ರ ಕಂಡವಳಲ್ಲ. ಆದರೂ ಹನ್ನೊಂದು ವರ್ಷ ಮಗ್ಗದ ಮುಂದೆ ಕೂತು ಕಡಲತೀರದ ಒಂದು ರಾಜ್ಯ ಕಟ್ಟಿ ನೋಟುಬುಕ್ಕಿನಲ್ಲಿ ಬರೆದಿದ್ದಳು. ರಾಜ ಸತ್ತಾಗ ರಾಣಿ ಅವನ ಹರಿದ ಹಾಯಿಯ ಎಳೆಗಳಿಗೆ ಹೊಸ ಹಾಯಿಯ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಹಡಗು ನಡೆಸಿದಳು. ಹಾಗಾಗಿ ಆ ರಾಜ್ಯದ ಹೆಸರು ಹಾಯಿಗಂಟು. ಮೂರು ತಿಂಗಳ ಹಿಂದೆ ನೋಟುಬುಕ್ಕು ಕಾಣೆಯಾಗಿತ್ತು. ಈಗ ಕತೆ 'ಸಾಗರಪುತ್ರ' ಎಂಬ ಕಾವ್ಯನಾಮದಲ್ಲಿ ಅಚ್ಚಾಗಿತ್ತು. ಬೇರೆ ಪ್ರತಿ ಇರಲಿಲ್ಲ. ಅದು ತನ್ನದೆಂದರೆ ನಂಬುವವರು ಯಾರು?

ನೋಟುಬುಕ್ಕು ಹೋದ ದಿನ ಅವಳ ಮನೆಗೆ ಮೂವರು ಬಂದಿದ್ದರು: ಪಕ್ಕದ ಮನೆಯ ನೇಕಾರ್ತಿ ಸುರೇಖಾ, ಮಗ್ಗದ ಮನೆಯಲ್ಲೇ ಬೆಳೆದು ಈಗ ಸೀರೆ ಮಾರುವ ತಮ್ಮ ತೌಸಿಫ, ನೇಕಾರರ ಹಾಡು ಸಂಗ್ರಹಿಸಲು ಬಾಗಲಕೋಟೆಯಿಂದ ಬಂದ ಉಪನ್ಯಾಸಕ ಪ್ರವೀಣಕುಮಾರ. ಸುರೇಖಾಗೂ ಫರಹಾನಾಗೂ ಎಣ್ಣೆ ಸೀಗೆಕಾಯಿ. ಅವಳೇ ಕಳ್ಳಿ ಎಂದು, ಮಲಕಪ್ಪನ ಪಕ್ಕ ಕೂತಿದ್ದ ಅವನ ಗೆಳೆಯ ನಾನು ಹಲ್ಲು ಕಡಿದೆ.

"ಪ್ರಭುಲಿಂಗ, ನೀ ಸುಮ್ಮನಿರು," ಎಂದ ಮಲಕಪ್ಪ. ಪೊಲೀಸ್ ಕೆಲಸದಿಂದ ನಿವೃತ್ತನಾದರೂ ಗತ್ತು ಹೋಗಿರಲಿಲ್ಲ. ಅಚ್ಚಿನಲ್ಲಿ ಏನು ಬದಲಾಗಿದೆ ಎಂದು ಅವಳನ್ನು ಕೇಳಿದ. ಒಂದೇ ಸಾಲು. ರಾಣಿ ಬೂದಿಯಲ್ಲಿ ಬೆರಳದ್ದಿ ಹಾಯಿಯ ಮುಂದೆ ಕೂತಳು ಎಂದು ಅವಳು ಬರೆದಿದ್ದಳು. ಅಚ್ಚಿನಲ್ಲಿ ರಾಣಿ ರಾಜನ ಚಿತಾಭಸ್ಮವನ್ನು ಹಣೆಗೆ ಬಳಿದುಕೊಂಡು ಅಳುತ್ತಿದ್ದಳು.

ಭಾನುವಾರ ಮಲಕಪ್ಪ ಆ ಮೂವರನ್ನೂ ಫರಹಾನಾಳ ಮಗ್ಗದ ಮುಂದೆ ಕೂಡಿಸಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಸುರೇಖಾ, ಮಗ್ಗದಾಗಿನ ಹಳಿ ಹಾಸಿನ ಉದ್ದೆಳಿಗೆ ಹೊಸ ಎಳಿ ಜೋಡಸುವಾಗ ಬೆರಳಿಗೆ ಏನ್ ಹಚ್ಚಿಕೊಳ್ತಿ?"

"ಬೂದಿ. ಇಲ್ಲಂದ್ರ ಎಳಿ ಜಾರ್ತಾವು. ಇಷ್ಟು ಕೇಳಾಕ ಕರಸಿದೇನು?"

ತೌಸಿಫನೂ ಹೌದೆಂದು ತಲೆಯಾಡಿಸಿದ. ಮಲಕಪ್ಪ ಉಪನ್ಯಾಸಕನತ್ತ ತಿರುಗಿದ. ರಾಣಿಯ ಬೂದಿ ನೇಕಾರರ ಬೂದಿ, ಮಗ್ಗದ ಮನೆಯವರು ಆ ಸಾಲು ತಿದ್ದುವುದಿಲ್ಲ. ತಿಳಿಯದವನು ಮಾತ್ರ ಅದಕ್ಕೆ ಚಿತೆ ಹುಡುಕುತ್ತಾನೆ, ಮೂವರಲ್ಲಿ ಅಂಥವನು ಒಬ್ಬನೇ ಎಂದ.

ಪ್ರವೀಣಕುಮಾರನ ಮುಖ ಕೆಂಪಾಯಿತು. "ಹೌದು, ಒಯ್ದೆ. ಮಗ್ಗದ ಮೂಲ್ಯಾಗ ಕೊಳೀತಿತ್ತು, ನಾ ಅದನ್ನ ನಾಡಿಗೆ ತೋರಿಸಿದೆ. ನೋಟುಬುಕ್ಕು ಕೇಳಬ್ಯಾಡ್ರಿ, ಅಚ್ಚಾದ ಮರುದಿನ ಸುಟ್ಟೇನಿ."

ನನ್ನ ಕೈ ಅವನ ಕೊರಳಪಟ್ಟಿಗೆ ಹೋಗಿತ್ತು. ಸುರೇಖಾ ತಡೆದಳು. ಫರಹಾನಾ ಅಳಲಿಲ್ಲ. ಮಗ್ಗದಲ್ಲಿ ಉಳಿದಿದ್ದ ಹಳೆಯ ಹಾಸಿನ ತುದಿ ಹಿಡಿದು ಅವನನ್ನೇ ನೋಡಿದಳು.

"ಬೂದಿ ಎಲ್ಲೈತ್ರಿ? ತಂದುಕೊಡ್ರಿ. ಮುಂದಿನ ಎಳಿ ಜೋಡಸಾಕ ಬೇಕು."