ಅವನು ಮಗಳ ಕೈಕಾಲು ಹಿಡಿದ ದಿನ

ದವಾಖಾನೆಯ ಬೆಂಚಿನ ಮೇಲೆ ಅವನನ್ನು ಕಂಡ ಕೂಡಲೇ ಗಾಳೆಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಗಂಡನ ಮುಖ ನೋಡಿ ನಾಲ್ಕು ತಿಂಗಳಾಗಿತ್ತು...

ಗಲ್ಲ ಬಾತ ಆರು ವರ್ಷದ ಮಗಳು ಹುಲಗಿಯನ್ನು ಅವಳು ಸೆರಗಿನ ಮರೆಗೆ ಎಳೆದುಕೊಂಡಳು.

“ನಿಮಗ ಯಾರು ಹೇಳಿದ್ರು?”

“ಮಾವ ಹೇಳಿ ಕಳಿಸಿದ್ರು,” ಎಂದ ವಿರುಪಣ್ಣ.

“ಮತ್ತ ಕೂಸಿನ ಕೈಕಾಲು ಹಿಡ್ಯಾಕ ಬಂದೀರೇನು?”

ಅವನು ಬೆಂಚಿನ ಅಂಚಿಗೆ ಸರಿದು ಮಗಳಿಗೆ ಜಾಗ ಬಿಟ್ಟ.

ಅದು ೧೯೮೩. ಗಂಗಾವತಿಗೆ ಹಲ್ಲಿನ ಡಾಕ್ಟರು ಪಾರಮ್ಮ ಬಂದದ್ದು ಇತ್ತೀಚೆಗೆ. ಅದಕ್ಕೂ ಮೊದಲು, ಸಂತೆಯಲ್ಲಿ ಹಲ್ಲು ಕೀಳುವವನ ಮುಂದೆ ಹುಲಗಿ ಕಿರುಚಿ ಒದ್ದಾಡಿದಾಗ, ವಿರುಪಣ್ಣ ಅವಳ ಕೈಕಾಲು ಬಿಗಿಯಾಗಿ ಹಿಡಿದಿದ್ದ. ಹಲ್ಲು ಮುರಿದು ಅರ್ಧ ಒಳಗೇ ಉಳಿಯಿತು. ಆಮೇಲೆ ಅಪ್ಪನ ದನಿ ಕೇಳಿದರೆ ಸಾಕು, ಹುಲಗಿ ಮಂಚದ ಕೆಳಗೆ ಅಡಗುತ್ತಿದ್ದಳು.

‘ಇಂಥ ಕಲ್ಲು ಮನಸ್ಸಿನವನ ಜೊತೆ ಹೇಗೆ ಬಾಳಲಿ?’ ಎಂದು ಗಾಳೆಮ್ಮ ಗಂಗಾವತಿಯ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಹುಲಿಹೈದರದ ತವರಿಗೆ ಹೋಗಿದ್ದಳು.

ಪಾರಮ್ಮ ಬಾಯಿ ನೋಡಿದರು.

“ಬೇರಿನಾಗ ಕೀವು ತುಂಬೇತಿ. ಇವತ್ತ ತೆಗೀಬೇಕು. ಕೆಲವರು ಹಿಡಕೊಂಡು ಕಿತ್ತುಬಿಡ್ರಿ ಅಂತಾರ. ಕೆಲವರು ಕೂಸು ಅಳತೈತಿ ಅಂತ ಮನಿಗೆ ಕರಕೊಂಡು ಹೋಗ್ತಾರ. ನೀವೇನಂತೀರಿ?”

“ಇವತ್ತ ಬ್ಯಾಡ್ರಿ,” ಎಂದಳು ಗಾಳೆಮ್ಮ.

“ಹಂಗನಬ್ಯಾಡ, ಗಾಳೆಮ್ಮ...” ವಿರುಪಣ್ಣ ಮುಂದೆ ಬಂದ. “ನನ್ನ ತಂಗಿಗೂ ಹಿಂಗ ಗಲ್ಲ ಬಾತಿತ್ತು. ಅಳ್ತಾಳ ಅಂತ ಅವ್ವ ದವಾಖಾನಿಗೆ ಒಯ್ಯಲಿಲ್ಲ. ನಾಕನೇ ದಿನ ಹೋಗಿಬಿಟ್ಲು. ಅದಕ್ಕ ಅವತ್ತು ಹುಲಗಿನ್ನ ಹಿಡಿದೆ. ಬ್ಯಾರೆ ದಾರಿ ನನಗ ಗೊತ್ತಿರಲಿಲ್ಲ.”

ಗಾಳೆಮ್ಮ ಅವನತ್ತ ತಿರುಗಿದಳು. ಏಳು ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಈ ನೋವಿನ ಬಗ್ಗೆ ಅವನು ಬಾಯಿ ಬಿಟ್ಟಿರಲಿಲ್ಲ.

“ಯಾರೂ ಹಿಡಿಯೂದು ಬ್ಯಾಡ,” ಎಂದರು ಪಾರಮ್ಮ. “ಮೊದಲ ನೀವ ಕುರ್ಚಿ ಮ್ಯಾಲ ಕುಂದ್ರಿ. ಆಕಿ ನೋಡ್ಲಿ.”

ವಿರುಪಣ್ಣ ಕೂತು ಬಾಯಿ ತೆರೆದ. ಪುಟ್ಟ ಕನ್ನಡಿ ಹಲ್ಲಿಗೆ ತಾಗಿದಾಗ ಅವನ ಮೊಣಕಾಲು ನಡುಗಿತು.

“ಅಪ್ಪ ಹೆದರ್ಯಾನ,” ಎಂದಳು ಹುಲಗಿ. ಮೆಲ್ಲಗೆ ಹೋಗಿ ಅವನ ಮೊಣಕಾಲಿನ ಮೇಲೆ ಕೈ ಇಟ್ಟಳು.

ಆಮೇಲೆ ಅವನ ತೊಡೆಯ ಮೇಲೆಯೇ ಕೂತಳು. ಸೂಜಿ ಇರುವೆ ಕಚ್ಚಿದ ಹಾಗಿರುತ್ತದೆ, ಸಾಕೆನಿಸಿದರೆ ಕೈ ಎತ್ತು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎರಡು ಸಲ ಕೈ ಎತ್ತಿದಳು, ಎರಡು ಸಲವೂ ಅವರು ನಿಲ್ಲಿಸಿದರು. ಮೂರನೇ ಸಲ ಬೇರು ಈಚೆ ಬಂತು. ಹುಲಗಿ ಅತ್ತಳು, ಆದರೆ ಅಪ್ಪನ ಕೊರಳು ಬಿಡಲಿಲ್ಲ.

ಗೋಡೆಗೆ ಒರಗಿದ್ದ ಗಾಳೆಮ್ಮ ನಾಲ್ಕು ತಿಂಗಳ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟಳು.

ಹೊರಗೆ ಬಂದಾಗ ಮಗಳು ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

“ತಂಗಿ ಸುದ್ದಿ ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಅತ್ತುಬಿಡ್ತಿದ್ದೆ.”

“ನನ್ನ ಮುಂದ ಅತ್ರ ಏನಾಗ್ತಿತ್ತು?”

ಅವನು ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

“ಹುಲಿಹೈದರದ ಬಸ್ಸು ಮೂರಕ್ಕೈತಿ. ಹತ್ತಿಸಿ ಬರಲಿ?”

“ಬ್ಯಾಡ.”

ಅವನ ಮುಖ ಬಾಡಿತು. ಗಾಳೆಮ್ಮ ಮಗಳ ಕೆದರಿದ ಕೂದಲು ಸರಿ ಮಾಡುತ್ತ ಕೇಳಿದಳು.

“ಮನಿ ಕೀಲಿ ನಿಮ್ಮ ಹಂತ್ಯಾಕ ಐತೇನು?”

“ಐತಿ...”

“ಮತ್ಯಾಕ ನಿಂತೀರಿ? ನಡೀರಿ.”